ಅಳತೆಗೆ ಹೊಲಿದ ಕೋಳಿಗೂಡು

ನಮ್ಮ ಮನೆಯವರ ಕೈಗೆ ಕತ್ತರಿ ಕೊಡಿ, ಕಣ್ಣು ಮುಚ್ಚಿಕೊಂಡು ಕಾಲರ್ ಕತ್ತರಿಸುತ್ತಾರೆ. ಸುತ್ತಿಗೆ ಕೊಟ್ಟಿರೋ, ಮನೆಯಲ್ಲಿರುವವರೆಲ್ಲ ಬೀದಿಗೆ ಹೋಗಿ ನಿಲ್ಲುವುದು ಕ್ಷೇಮ. ಮದುವೆಯಾದ ಹೊಸದರಲ್ಲಿ ಗೋಡೆಗೊಂದು ಕನ್ನಡಿ ತೂಗುಹಾಕಲು ಹೋಗಿ, ಮೊಳೆ ಬಗ್ಗಿಸಿ, ಗಾರೆ ಉದುರಿಸಿ, ಕೊನೆಗೆ ಕನ್ನಡಿಯನ್ನು ಕುರ್ಚಿಗೆ ಒರಗಿಸಿಟ್ಟು ಕೈತೊಳೆದುಕೊಂಡವರು ಇವರು. ಇಪ್ಪತ್ತು ವರ್ಷದಿಂದ ನಾನು ಬಗ್ಗಿಕೊಂಡೇ ತಲೆ ಬಾಚುತ್ತಿದ್ದೇನೆ. ಅಂಥವರು ಒಂದು ದಿನ ಊಟ ಮಾಡುತ್ತಾ ಮಾಡುತ್ತಾ, "ಕೋಳಿಗೂಡು ನಾನೇ ಕಟ್ತೀನಿ" ಅಂದರೆ ನನಗೆ ಹೇಗಾಗಬೇಡ!

ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ಗೂಡಿನ ಮಾತು ಬಂದದ್ದೇ ಅಕ್ಕನಿಂದಾಗಿ.

ಅಕ್ಕ ಅಂದರೆ ಇವರ ಅಕ್ಕ. ತಾಯಿ ತೀರಿಕೊಂಡಾಗ ಇವರಿಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ, ಹಾಸಿಗೆ ಬಟ್ಟೆ, ಡಾಕ್ಟರುಗಳ ಕೋಟು ಒಗೆದು ಇಸ್ತ್ರಿ ಹಾಕಿ ತಮ್ಮನನ್ನು ಸಾಕಿದರು. ಇವರ ಮೊದಲನೆಯ ಹೊಲಿಗೆ ಮಿಷನ್ನು ಅಕ್ಕ ಕೊಡಿಸಿದ್ದು. ತಮಗೊಂದು ಮದುವೆ, ಸಂಸಾರ ಅಂತ ಅವರು ಯೋಚನೆ ಮಾಡಿದ್ದೇ ನಾನು ಕೇಳಿಲ್ಲ. ಕೆಲಸದಿಂದ ನಿವೃತ್ತಿಯಾದ ಮೇಲೆ ಬಾಡಿಗೆ ಮನೆಯ ಹಿತ್ತಲಲ್ಲಿ ನಾಲ್ಕು ಹೇಂಟೆ, ಒಂದು ಹುಂಜ ಸಾಕಿಕೊಂಡು, ಮೊಟ್ಟೆ ಮಾರಿಕೊಂಡು, ಯಾರ ಹಂಗೂ ಇಲ್ಲದೆ ಇದ್ದರು. ಈಗ ಮನೆಯ ಯಜಮಾನ ಆ ಮನೆಯನ್ನು ಮಾರಿಬಿಟ್ಟಿದ್ದ. ತಿಂಗಳು ಮುಗಿಯುವುದರೊಳಗೆ ಖಾಲಿ ಮಾಡಬೇಕು.

"ಮುಂದಿನ ಮನೆ ಸಿಗೋವರೆಗೂ ನಮ್ಮನೇಲಿರು" ಅಂತ ಇವರು ಹೋಗಿ ಹೇಳಿ ಬಂದರು. ಅಕ್ಕ ಅಂದರಂತೆ, "ಒಂದು ತಿಂಗಳು ಬರ್ತೀನಿ. ನನ್ನ ಜೊತೆ ಕೆಲಸ ಮಾಡ್ತಿದ್ದೋಳ ಮನೆ ಹಿಂದಿನ ರೂಮು ಅದರ ಮುಂದಿನ ಒಂದನೇ ತಾರೀಖು ಖಾಲಿ ಆಗುತ್ತೆ. ಆದ್ರೆ ನನ್ನ ಕೋಳಿಗಳಿಗೊಂದು ಭದ್ರವಾದ ಜಾಗ ಇರಬೇಕು. ಇಲ್ಲಾಂದ್ರೆ ಆ ಒಂದು ತಿಂಗಳೂ ಬೇಡ."

ಇವರ ಮನಸ್ಸಿನಲ್ಲಿದ್ದದ್ದು ಒಂದು ತಿಂಗಳಲ್ಲ, ಅಕ್ಕ ಇನ್ನು ಕಡೆಯವರೆಗೂ ನಮ್ಮಲ್ಲೇ ಇರಬೇಕು ಅಂತ. ಕೋಳಿ ಒಗ್ಗಿಕೊಂಡರೆ ಅಕ್ಕನೂ ಒಗ್ಗಿಕೊಳ್ಳುತ್ತಾಳೆ ಅನ್ನುವುದು ಇವರ ಲೆಕ್ಕಾಚಾರ. ಆದರೆ ಆ ಮಾತನ್ನು ಬಾಯಿಬಿಟ್ಟು ಹೇಳುವವರ ಪೈಕಿಯಲ್ಲ ಇವರು. ಪ್ರೀತಿ ಬಂದರೆ ಅಂಗಿ ಹೊಲಿದು ಕೊಡುತ್ತಾರೆ. ಹೆಚ್ಚು ಪ್ರೀತಿ ಬಂದರೆ ಅದಕ್ಕೆ ಒಳಜೇಬೂ ಇಡುತ್ತಾರೆ. ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ನಮಗೆ ಸಾಕುಸಾಕಾಗುತ್ತದೆ.

ಇನ್ನು ನನ್ನದು. ನನ್ನದು ತದ್ವಿರುದ್ಧ. ನನ್ನ ನಾಲಿಗೆಗೆ ಲಗಾಮಿಲ್ಲ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹನ್ನೆರಡು ವರ್ಷದ ಹಿಂದೆ ಅಕ್ಕ ಒಂದು ವಾರ ಇದ್ದು ಹೋಗಲು ಬಂದಿದ್ದರು. ನಾಲ್ಕನೆಯ ದಿನ ನನಗೆ ತಲೆನೋವು, ಒಂದು ರಾಶಿ ಅಂಗಿಗಳಿಗೆ ಗುಂಡಿ ಹಾಕುವುದು ಬಾಕಿ, ಅದರ ಮೇಲೆ ಅಡುಗೆಮನೆಯಲ್ಲಿ ಅಕ್ಕ ನನ್ನ ಡಬ್ಬಗಳನ್ನೆಲ್ಲ ಒರೆಸಿ ಬೇರೆ ಕಡೆ ಜೋಡಿಸಿಟ್ಟಿದ್ದರು. ಉಪ್ಪು ಹುಡುಕಿ ಹುಡುಕಿ ರೇಗಿಹೋಗಿ, "ಈ ಅಡುಗೆಮನೇಲಿ ಇಬ್ಬರಿಗೆ ಜಾಗ ಇಲ್ಲ" ಅಂದುಬಿಟ್ಟೆ. ಅಕ್ಕ ಕೈಲಿದ್ದ ಡಬ್ಬ ಕೆಳಗಿಟ್ಟರು. ಕೈ ಒರೆಸಿಕೊಂಡರು. ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟರು. ಅಲ್ಲಿಂದಾಚೆಗೆ ಬಂದರೂ ಬೆಳಗ್ಗೆ ಬಂದು ಹೊತ್ತು ಮುಳುಗುವ ಮುಂಚೆ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ಇವರು ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಹಾಗಾಗಿ, ಗೂಡು ಕಟ್ಟುತ್ತೇನೆ ಅಂದಾಗ ನಾನು ಬಾಯಿ ಮುಚ್ಚಿಕೊಂಡು ಇನ್ನೆರಡು ಸೌಟು ಸಾರು ಬಡಿಸಿದೆ.

ಮೊದಲು ಬೀದಿಯ ಕೊನೆಯಲ್ಲಿರುವ ಬಡಗಿಯನ್ನೇ ಕೇಳಿದ್ದರು. ಅವನು ಇವರ ಗೆಳೆಯನೇ. ಆದರೂ ಮರ, ಮಜೂರಿ ಅಂತ ಅವನು ಹೇಳಿದ ಮೊತ್ತ ಇವರು ಎರಡು ತಿಂಗಳು ಹಗಲಿಡೀ ಪ್ಯಾಂಟು ಹೊಲಿದರೂ ಹುಟ್ಟುವಂಥದ್ದಲ್ಲ. "ನಿಂಗೆ ಅಂತ ಕಮ್ಮಿ ಹೇಳಿದ್ದು ಟೈಲರಣ್ಣ" ಅಂದನಂತೆ. ಆಮೇಲೆ ಪಾಪ ಅನ್ನಿಸಿ ಒಂದು ಗರಗಸ, ಒಂದು ಸುತ್ತಿಗೆ ಕೊಟ್ಟು, "ಬೆರಳು ಉಳಿಸ್ಕೋ, ನನ್ನ ಮಗನ ಶಾಲೆ ಯೂನಿಫಾರಂ ಇನ್ನೂ ಆಗಿಲ್ಲ" ಅಂತ ಕಳಿಸಿದ.

ಇವರು ಸುತ್ತಿಗೆಯನ್ನು ಮೂಲೆಯಲ್ಲಿಟ್ಟು ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಅಕ್ಕನ ಮನೆಗೆ ಹೊರಟರು. "ಎಲ್ರೀ ಹೊರಟ್ರಿ?" ಅಂದೆ. "ಅಳತೆ ತಗೊಳ್ದೆ ಏನಾದ್ರೂ ಹೊಲಿಯಕ್ಕಾಗುತ್ತಾ?" ಅಂದರು. ನಾನೂ ಹಿಂದೆಯೇ ಹೋದೆ, ಇಂಥ ತಮಾಷೆ ಬಿಡುವವಳಲ್ಲ ನಾನು. ಅಲ್ಲಿ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಎದೆ ಸುತ್ತಳತೆ, ಬೆನ್ನಿನ ಉದ್ದ, ಕತ್ತಿನ ಎತ್ತರ ಎಲ್ಲ ತೆಗೆದರು. ಹುಂಜ ಇವರ ಕೈಯನ್ನು ಎರಡು ಸಲ ಕುಕ್ಕಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಕೋಳಿಗೆ ಕೋಟು ಹೊಲಿತೀಯೇನೋ?" ಅಂದರು. ಇವರು ತಲೆ ಎತ್ತದೆ, "ಜುಟ್ಟಿಗೆ ಒಂದಿಂಚು ಜಾಸ್ತಿ ಬರ್ಕೋ" ಅಂತ ನನಗೆ ಹೇಳಿದರು. ನಾನು ಬರೆದುಕೊಂಡೆ.

ಮರಕ್ಕೇನೂ ದುಡ್ಡು ಹಾಕಲಿಲ್ಲ. ಟೈಲ್ಸ್ ಅಂಗಡಿಯವರು ಸಾಮಾನು ಬಂದ ಹಲಗೆ ಚೌಕಟ್ಟುಗಳನ್ನು ಹಿಂದುಗಡೆ ಬಿಸಾಕುತ್ತಾರೆ. ಅವರ ಮಗಳಿಗೆ ಒಂದು ಫ್ರಾಕಿನ ತೋಳು ಸರಿಮಾಡಿಕೊಟ್ಟು ಏಳು ಚೌಕಟ್ಟು ತಂದರು. ನಮ್ಮ ಮುರಿದ ಮಂಚದ ಕಾಲು ನಾಲ್ಕು ಅಟ್ಟದ ಮೇಲಿದ್ದವು. ಗೂಡಿನ ಮಾಡಿಗೆ ನಮ್ಮ ಹೊಲಿಗೆ ಅಂಗಡಿಯ ಹಳೆಯ ತಗಡಿನ ಬೋರ್ಡು. ದುಡ್ಡು ಕೊಟ್ಟು ತಂದದ್ದು ತಂತಿ ಬಲೆ ಮಾತ್ರ, ಬೆಕ್ಕಿನ ಕಾಟ ತಡೆಯಲು ಅದಿಲ್ಲದೆ ಆಗದು.

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ನೆಲದ ಮೇಲೆ ಹಳೆಯ ಪತ್ರಿಕೆ ಹರಡಿ, ಗೂಡಿನ ಮುಂಭಾಗ, ಬೆನ್ನು, ಎರಡು ಪಕ್ಕ ಅಂತ ಕತ್ತರಿಸಿ ಜೋಡಿಸಿಕೊಂಡರು. ಪಕ್ಕಗಳನ್ನು ಬಾಯಿತಪ್ಪಿ ತೋಳು ಅಂದರು. ಕಾಗದವನ್ನು ಹಲಗೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಾಲ್ಕು ದಿನ ಗರಗಸ ತಿಕ್ಕಿ, ಕತ್ತರಿಸಿದ ತುಂಡುಗಳನ್ನೆಲ್ಲ ಹಿತ್ತಲಿಗೆ ಒಯ್ದು ನಿಲ್ಲಿಸಿ ನೋಡಿದರೆ, ಒಂದು ಮೂಲೆಯೂ ಕೂಡುತ್ತಿಲ್ಲ! ಎಲ್ಲ ಹಲಗೆಯೂ ಅಷ್ಟಷ್ಟು ಹೊರಗೆ ಚಾಚಿಕೊಂಡಿದೆ. ಗಂಟೆಗಟ್ಟಲೆ ತಲೆ ಕೆರೆದುಕೊಂಡರು. ಬಡಗಿಯನ್ನು ಕರೆದು ತಂದರು. ಅವನು ಒಂದು ಹಲಗೆ ಅಳೆದ, ಇನ್ನೊಂದು ಅಳೆದ, ಆಮೇಲೆ ನೆಲದ ಮೇಲೆ ಕೂತೇಬಿಟ್ಟ.

"ಟೈಲರಣ್ಣ, ಎಲ್ಲಾ ಕಡೆ ಅರ್ಧ ಇಂಚು ಜಾಸ್ತಿ ಬಿಟ್ಟಿದೀಯಲ್ಲೋ. ಯಾಕೆ?"

"ಹೊಲಿಗೆಗೆ ಬೇಡ್ವಾ?" ಅಂದರು ಇವರು. ಅಂದ ಮೇಲೆ ಅವರಿಗೇ ಹೊಳೆಯಿತು.

"ಮರಾನ ಒಳಗಡೆಗೆ ಮಡಚಿ ಹೊಲಿಯಕ್ಕಾಗಲ್ಲ ಕಣೋ!" ಅಂತ ಬಡಗಿ ನಕ್ಕ ನಗು ಬೀದಿಗೆಲ್ಲ ಕೇಳಿರಬೇಕು. "ಅತ್ತಿಗೆ, ಇವನಿಗೆ ಸ್ವಲ್ಪ ಟೀ ಕೊಡಿ, ನನಗೂ ಕೊಡಿ" ಅಂದ. ಇವರ ಮುಖ ಸಪ್ಪಗಾಯಿತು. ನನಗೂ ನಗು ಉಕ್ಕುತ್ತಿತ್ತು, ಆದರೆ ಅವರ ಅಂಗೈಯಲ್ಲಿ ಎದ್ದಿದ್ದ ಬೊಬ್ಬೆಗಳು ಕಣ್ಣಿಗೆ ಬಿದ್ದು ಒಳಗೆ ಹೋಗಿ ಟೀಗೆ ಇಟ್ಟೆ. ಮತ್ತೆರಡು ದಿನ ಕೂತು ಪ್ರತಿ ಹಲಗೆಯಿಂದಲೂ ಅರ್ಧರ್ಧ ಇಂಚು ಕತ್ತರಿಸಿದರು.

ಮೊಳೆ ಹೊಡೆಯುವ ಕತೆ ಬೇಡ. ಹತ್ತರಲ್ಲಿ ಆರು ಬಗ್ಗಿದವು. ಆದರೆ ತಂತಿ ಬಲೆ ಹಾಕುವ ದಿನ ಬಂತು ನೋಡಿ, ಆಗ ಇವರ ಕೈಗೆ ಜೀವ ಬಂತು. ಗೋಣಿಚೀಲ ಹೊಲಿಯುವ ದಬ್ಬಣಕ್ಕೆ ಸಣ್ಣ ತಂತಿ ಪೋಣಿಸಿ, ಚೌಕಟ್ಟಿಗೆ ಸಾಲಾಗಿ ತೂತು ಕೊರೆದು, ಬಲೆಯನ್ನು ಮರಕ್ಕೆ ಹೊಲಿದುಬಿಟ್ಟರು. ಒಂದೊಂದು ಹೊಲಿಗೆಯೂ ಒಂದೇ ಅಳತೆ. ಬಡಗಿ ಬಂದು ಬೆರಳು ಸಿಕ್ಕಿಸಿ ಎಳೆದು ನೋಡಿದ, ಜಗ್ಗಲಿಲ್ಲ. "ಇದು ನಂಗೂ ಬರಲ್ಲ" ಅಂದ. ಆ ಒಂದು ಮಾತಿಗೆ ಇವರು ಎರಡು ದಿನ ಸಿಳ್ಳೆ ಹಾಕಿಕೊಂಡು ಓಡಾಡಿದರು.

ಗೂಡು ಮುಗಿದಾಗ ನಾನು ಬಗ್ಗಿ ಒಳಗೆ ನೋಡಿದೆ. ಒಂದು ಜಾಗ ಇರಬೇಕಾದ ಕಡೆ ಐದು ಖಾನೆಗಳು. ನಡುವೆ ನಡುವೆ ಹಲಗೆ. ಒಂದೊಂದು ಖಾನೆಯೂ ಒಂದೊಂದು ಕೋಳಿಯ ಮೈಯಳತೆಗೆ. ಕೆಂಪು ಹೇಂಟೆ ಕೆಂಪಿಗೆ ಅಗಲದ್ದು, ಬೂದು ಬಣ್ಣದ ಬೂದಿಗೆ ತಗ್ಗಿನದ್ದು, ಹುಂಜನಿಗೆ ಎಲ್ಲಕ್ಕಿಂತ ದೊಡ್ಡದು. ಪ್ರತಿಯೊಂದಕ್ಕೂ ಪುಟ್ಟ ಬಾಗಿಲು, ಬಾಗಿಲಿಗೆ ಕೋಟಿನ ಗುಂಡಿ, ಗುಂಡಿಗೆ ತಂತಿಯ ಕುಣಿಕೆ.

"ಇಷ್ಟೆಲ್ಲ ಯಾಕ್ರೀ? ಎಲ್ಲಾ ಒಟ್ಟಿಗೆ ಇರಲ್ವಾ?"

ಇವರು ಸ್ವಲ್ಪ ಹೊತ್ತು ಗುಂಡಿ ತಿರುಗಿಸುತ್ತ ನಿಂತರು. "ಒಬ್ಬರಿಂದ ಇನ್ನೊಬ್ಬರಿಗೆ ಇಕ್ಕಟ್ಟಾಗಬಾರದಲ್ವಾ," ಅಂದರು. "ಅವರವರ ಜಾಗ ಅವರವರಿಗಿದ್ರೆ ಮಾತು ಬರಲ್ಲ."

ನನ್ನನ್ನು ನೋಡಿ ಹೇಳಲಿಲ್ಲ. ಚುಚ್ಚಬೇಕು ಅಂತಲೂ ಹೇಳಲಿಲ್ಲ, ಅಂಥ ಬುದ್ಧಿ ಅವರಿಗಿಲ್ಲ. ಒಳಗೆ ನಡುಮನೆಯಲ್ಲಿ ಅಕ್ಕನಿಗೆ ಅಂತ ದಪ್ಪ ಬಟ್ಟೆಯ ಪರದೆಯೊಂದನ್ನು ಹೊಲಿದು ಕಟ್ಟಿ ಬೇರೆ ಕೋಣೆ ಮಾಡಿಯಾಗಿತ್ತು. ಹನ್ನೆರಡು ವರ್ಷ ಈ ಮನುಷ್ಯ ನನ್ನ ಆ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ಬಟ್ಟೆ ಹೊಲಿದಿದ್ದಾರೆ ಅಂತ ನನಗೆ ಆಗ ಗೊತ್ತಾಯಿತು. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ಒಳಗೆ ಬಂದು ಸುಮ್ಮಸುಮ್ಮನೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಒಂದನೇ ತಾರೀಖು ಅಕ್ಕ ಬಾಡಿಗೆ ವ್ಯಾನಿನಲ್ಲಿ ಬಂದಿಳಿದರು. ಒಂದು ಟ್ರಂಕು, ಒಂದು ಹಾಸಿಗೆ, ಎರಡು ಬುಟ್ಟಿ ಕೋಳಿ. ಇಳಿದವರೇ ನೇರ ಹಿತ್ತಲಿಗೆ ಹೋಗಿ ಗೂಡಿನ ಸುತ್ತ ಒಂದು ಸುತ್ತು ಬಂದು ಬಲೆಯ ಹೊಲಿಗೆಯನ್ನು ಸವರಿ ನೋಡಿದರು. "ನಿನ್ನ ಕೈದೇನೋ ಇದು?" ಅಂದರು. ಇವರು ತಲೆಯಾಡಿಸಿದರು. ಅಕ್ಕನ ಮುಖದಲ್ಲಿ ಹೆಮ್ಮೆ ಕಂಡಿತು, ಆದರೆ ಖಾನೆಗಳನ್ನು ನೋಡಿ ಹುಬ್ಬೇರಿಸಿದರು.

ಸಂಜೆ ಕೋಳಿಗಳನ್ನು ಒಂದೊಂದಾಗಿ ಅವರವರ ಖಾನೆಗೆ ಬಿಟ್ಟು ಗುಂಡಿ ಹಾಕಿದ್ದೇ ತಡ, ಐದೂ ಸೇರಿ ಎಬ್ಬಿಸಿದ ರಂಪಕ್ಕೆ ಪಕ್ಕದ ಮನೆಯವರು ಕಿಟಕಿ ತೆಗೆದರು. ಹಲಗೆಗೆ ಎದೆ ಗುದ್ದಿಕೊಂಡು ಕೂಗುತ್ತಿದ್ದವು. ಗಾಬರಿಯಾಗಿ ಗುಂಡಿ ಬಿಚ್ಚಿದರೆ ಎಲ್ಲವೂ ಹೊರಗೆ ಹಾರಿ, ಒಂದರ ಹಿಂದೆ ಒಂದು ಹುಂಜನ ಖಾನೆಗೇ ನುಗ್ಗಿದವು. ಒಂದು ಹುಂಜನಿಗೆ ಹೊಲಿದ ಜಾಗದಲ್ಲಿ ಐದು ಕೋಳಿ! ಒಂದರ ಬಾಲ ಹೊರಗೆ, ಇನ್ನೊಂದರ ತಲೆ ಮತ್ತೊಂದರ ರೆಕ್ಕೆಯೊಳಗೆ. ಇವರು ಮೂರು ಸಲ ಬಿಡಿಸಿ ಬಿಡಿಸಿ ಇಟ್ಟರು. ಮೂರು ಸಲವೂ ಹಾಗೆಯೇ ಬಂದು ಸೇರಿಕೊಂಡು ಮೆತ್ತಗೆ ಗೊರಗುಟ್ಟುತ್ತ ಕಣ್ಣು ಮುಚ್ಚಿದವು.

"ಬಿಡೋ," ಅಂದರು ಅಕ್ಕ. "ಅವು ಒತ್ತಿಕೊಂಡೇ ಮಲಗೋದು. ಹುಟ್ಟಿದಾಗಿಂದ ಹಾಗೇ. ಉದ್ದಕ್ಕೆ ಒಂದು ಕೋಲು ಕಟ್ಟಿದ್ರೆ ಸಾಕಿತ್ತು."

"ಅಳತೆ ಸರಿಯಾಗೇ ಇತ್ತು," ಅಂದರು ಇವರು. ಧ್ವನಿ ಬಿದ್ದುಹೋಗಿತ್ತು. ಅಂಗಿ ಚೆನ್ನಾಗಿಲ್ಲ ಅಂತ ಗಿರಾಕಿ ಮುಖಕ್ಕೆ ಎಸೆದು ಹೋದ ದಿನವೂ ಇವರು ಹೀಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಕೋಳಿಯೇ ಒಗ್ಗಲಿಲ್ಲ, ಇನ್ನು ಅಕ್ಕ ಎಲ್ಲಿ ಒಗ್ಗುತ್ತಾಳೆ ಅಂತ ಅವರ ಕೊರಗು.

ಮಾರನೆಯ ಬೆಳಗ್ಗೆ ಇವರು ಮುಖ ಊದಿಸಿಕೊಂಡು ಮಿಷನ್ನಿನ ಮುಂದೆ ಕೂತರು. ನಾನು ಸುತ್ತಿಗೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ನಾಲ್ಕು ನಡುಹಲಗೆಗಳನ್ನು ಕೀಳದೆ ಬೇರೆ ದಾರಿ ಇರಲಿಲ್ಲ. ಅಕ್ಕನೂ ಇಕ್ಕಳ ಹಿಡಿದು ಬಂದರು. ತಗಡಿನ ಮಾಡು ಸರಿಸಿ, ಅವರು ಆ ಕಡೆಯಿಂದ, ನಾನು ಈ ಕಡೆಯಿಂದ ಗೂಡಿನೊಳಗೆ ಬಗ್ಗಿದೆವು. ತಲೆಗೆ ತಲೆ ತಾಗುವಷ್ಟು ಹತ್ತಿರ. ಈಗ ಹೇಳದಿದ್ದರೆ ಜನ್ಮದಲ್ಲಿ ಹೇಳುವುದಿಲ್ಲ ಅನ್ನಿಸಿತು.

"ಅಕ್ಕ, ಅವತ್ತು ನಾನು ಹಾಗನ್ನಬಾರದಿತ್ತು."

"ಯಾವತ್ತು?" ಅಂದರು, ಮೊಳೆ ಎಳೆಯುತ್ತಲೇ.

"ನಿಮಗೆ ಗೊತ್ತು ಯಾವತ್ತು ಅಂತ."

"ನಂಗೇನೂ ನೆನಪಿಲ್ಲಪ್ಪ."

"ಸುಳ್ಳು ಹೇಳ್ಬೇಡಿ ಅಕ್ಕ, ನಿಮಗೆ ಬರಲ್ಲ ಅದು."

ಅಕ್ಕ ಇಕ್ಕಳ ಕೆಳಗಿಟ್ಟರು. "ನೆನಪಿದೆ ಕಣೇ," ಅಂದರು. "ಹನ್ನೆರಡು ವರ್ಷ ಹೊತ್ಕೊಂಡು ತಿರುಗಿದೀನಿ. ನೀನೇನೂ ದೊಡ್ಡ ಮಾತಾಡಿರಲಿಲ್ಲ, ಯಾರ ಮನೇಲಿ ಯಾರು ಅನ್ನಲ್ಲ ಹೇಳು? ನಾನೇ ಇಳಿಸಲಿಲ್ಲ. ಈಗ ಸುಸ್ತಾಗಿದೆ."

ನನಗೆ ಅಳು ತಡೆಯಲಾಗಲಿಲ್ಲ. ಕೋಳಿಗೂಡಿನೊಳಗೆ ತಲೆಯಿಟ್ಟುಕೊಂಡು ಗೊಳೋ ಅಂತ ಅತ್ತೆ. ಅಕ್ಕ ಆ ಕಡೆಯಿಂದ ಕೈ ಚಾಚಿ ನನ್ನ ತಲೆ ಸವರಿದರು, ಅವರ ಕೈಯಲ್ಲಿದ್ದ ಮರದ ಹೊಟ್ಟೆಲ್ಲ ನನ್ನ ಕೂದಲಿಗಾಯಿತು. ಆಮೇಲೆ ಇಬ್ಬರೂ ಮೂಗು ಒರೆಸಿಕೊಂಡು ಉಳಿದ ಹಲಗೆಗಳನ್ನು ಕಿತ್ತು, ಉದ್ದಕ್ಕೆ ಒಂದು ಕೋಲು ಕಟ್ಟಿದೆವು. ಸಂಜೆ ಐದೂ ಕೋಳಿ ಕೋಲಿನ ಮೇಲೆ ಒತ್ತಿಕೊಂಡು ಕೂತವು. ಇವರು ಬಂದು ನೋಡಿ, ಕೋಲಿನ ಕಟ್ಟು ಸಡಿಲವಾಗಿದೆ ಅಂತ ಬಿಚ್ಚಿ ಮತ್ತೆ ಕಟ್ಟಿದರು.

ದಿನಗಳು ಹೋದವು. ಅಕ್ಕ ಬೆಳಗ್ಗೆ ಎದ್ದು ಕೋಳಿ ಬಿಡುತ್ತಿದ್ದರು, ನನ್ನ ಜೊತೆ ಕೂತು ಗುಂಡಿ ಹಾಕುತ್ತಿದ್ದರು, ಬಡಗಿಯ ಹುಡುಗನ ಯೂನಿಫಾರಮ್ಮಿಗೆ ಇಸ್ತ್ರಿಯನ್ನೂ ಅವರೇ ಹಾಕಿದರು. ನಗುತ್ತಿದ್ದರು. ಆದರೆ ಜೊತೆ ಕೆಲಸ ಮಾಡಿದವಳ ರೂಮಿನ ಮಾತು ಹಾಗೇ ಇತ್ತು. ಆ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಎತ್ತಿದರೆ ಎಲ್ಲಿ ಹೂಂ ಹೋಗ್ತೀನಿ ಅಂದುಬಿಡುತ್ತಾರೋ ಅಂತ ನಮಗೆ ಭಯ. ಇವರು ದಿನಾ ಕ್ಯಾಲೆಂಡರ್ ಕಡೆ ಒಮ್ಮೆ ನೋಡುವುದು, ನಿಟ್ಟುಸಿರು ಬಿಡುವುದು.

ಇಪ್ಪತ್ತೊಂದನೆಯ ತಾರೀಖು ನಾನು ಒಲೆಯ ಮುಂದಿದ್ದೆ. ಅಕ್ಕ ಬಾಗಿಲಲ್ಲಿ ನಿಂತು, "ಮೊಟ್ಟೆ ಬುಟ್ಟೀಲಿ ಎಷ್ಟಿದೆ? ಒಂಬತ್ತು ಬೇಕು. ಬೂದಿ ಕಾವಿಗೆ ಕೂತಿದಾಳೆ, ಎಬ್ಬಿಸಿದ್ರೆ ಕುಕ್ಕೋಕೆ ಬರ್ತಾಳೆ" ಅಂದರು.

ನಾನು ಎಣಿಸಿ ಕೊಟ್ಟೆ. ಕೊಟ್ಟು ಒಲೆಯ ಕಡೆ ತಿರುಗಿದವಳಿಗೆ ಕೈ ನಿಂತುಹೋಯಿತು. ಕಾವಿಗೆ ಕೂರಿಸಿದರೆ ಮರಿ ಹೊರಬರಲು ಇಪ್ಪತ್ತೊಂದು ದಿನ ಬೇಕು. ನನ್ನಂಥವಳಿಗೂ ಅಷ್ಟು ಗೊತ್ತು. ಇವತ್ತು ತಾರೀಖು ಇಪ್ಪತ್ತೊಂದು, ಅಂದರೆ ಮರಿ ಬರುವುದು ಮುಂದಿನ ತಿಂಗಳು ಹನ್ನೊಂದಕ್ಕೆ. ಕಾವಿಗೆ ಕೂತ ಕೋಳಿಯನ್ನು ನಡುವೆ ಎತ್ತಿಕೊಂಡು ಹೋದರೆ ಮೊಟ್ಟೆ ಕೆಡುತ್ತದೆ. ಒಂದನೇ ತಾರೀಖು ಮನೆ ಬಿಡುವವರು ಯಾರಾದರೂ ಕೋಳಿಯನ್ನು ಕಾವಿಗೆ ಕೂರಿಸುತ್ತಾರೆಯೇ?

ಒಲೆ ಆರಿಸಿ ಅಂಗಡಿಗೆ ಓಡಿದೆ. ಇವರ ಕಿವಿಯಲ್ಲಿ ಹೇಳಿದೆ. ಇವರು ಕೇಳುತ್ತಾ ಮಿಷನ್ ತುಳಿದೇ ತುಳಿದರು, ಕೈಯಲ್ಲಿದ್ದ ಪ್ಯಾಂಟಿನ ಕಾಲಿನ ಬಾಯಿಯನ್ನು ಪೂರ್ತಿ ಹೊಲಿದು ಮುಚ್ಚಿಬಿಟ್ಟರು. ಆಮೇಲೆ ಎದ್ದು ಹಿತ್ತಲಿಗೆ ಬಂದರು. ನಾನೂ ಬಂದೆ. ಅಕ್ಕ ಗೂಡಿನ ಮುಂದೆ ಕೂತು, ಒಂದು ಮೂಲೆಗೆ ಬೂದಿಗೆ ಅಂತ ಒಣಹುಲ್ಲು ಹಾಸಿ, ಅವಳನ್ನು ಕೂರಿಸಿ ಅಡಿಗೆ ಮೊಟ್ಟೆ ಇಡುತ್ತಿದ್ದರು.

"ಅಕ್ಕ, ಆ ರೂಮು..." ಅಂದರು ಇವರು.

"ಬೇಡ ಅಂತ ಹೇಳಿ ಕಳಿಸಿ ಹತ್ತು ದಿನ ಆಯ್ತು," ಅಂದರು ಅಕ್ಕ.

"ಹತ್ತು ದಿನಾನಾ!" ಅಂತ ನಾನು ಕೂಗಿಯೇಬಿಟ್ಟೆ. "ನಾವಿಲ್ಲಿ ಒಂದೊಂದು ದಿನಾನೂ ಎಣಿಸ್ತಾ ಸಾಯ್ತಿದೀವಿ. ನಮಗೆ ಒಂದು ಮಾತು ಹೇಳಬಾರದಿತ್ತಾ ಅಕ್ಕ?"

ಅಕ್ಕ ಕೈಯಲ್ಲಿ ಮೊಟ್ಟೆ ಹಿಡಿದುಕೊಂಡೇ ಇವರನ್ನು ನೋಡಿದರು. ಅವರ ಕಣ್ಣು ತುಂಬಿತ್ತು. "ಕಾಯ್ತಿದ್ದೆ ಕಣೇ. ಗೂಡು ಕಟ್ದ, ಪರದೆ ಹೊಲಿದ, ಕೋಲು ಕಟ್ದ. ಇರಕ್ಕ ಅಂತ ಒಂದು ಸಲ ಬಾಯಿಬಿಟ್ಟು ಹೇಳ್ತಾನಾ ಅಂತ ಕಾಯ್ತಿದ್ದೆ. ಇವತ್ತಿನವರೆಗೂ ಅನ್ನಲಿಲ್ಲ. ಕರೀದೆ ಇದ್ರೂ ಇರೋಳು ಅನ್ನಿಸ್ಕೊಳ್ಳೋಕೆ ನಂಗೆ ನಾಚಿಕೆ ಆಗಲ್ವಾ?"

ಇವರು ಅಲ್ಲೇ ನೆಲದ ಮೇಲೆ ಕೂತರು. ಐವತ್ತು ದಾಟಿದ ಗಂಡಸು, ಆರು ವರ್ಷದ ಹುಡುಗನ ಹಾಗೆ ತುಟಿ ನಡುಗಿಸುತ್ತಿದ್ದರು. ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದರು. ನನಗೆ ತಡೆಯಲಾಗದೆ, "ಹೇಳ್ರೀ!" ಅಂತ ಬೆನ್ನಿಗೊಂದು ಗುದ್ದಿದೆ.

"ಇರಕ್ಕ," ಅಂದರು.

"ಇದೀನಲ್ಲೋ," ಅಂದರು ಅಕ್ಕ, ಬೂದಿಯ ಹೊಟ್ಟೆಯಡಿಗೆ ಒಂಬತ್ತನೆಯ ಮೊಟ್ಟೆಯನ್ನು ಮೆಲ್ಲಗೆ ತಳ್ಳುತ್ತಾ.